ಮೀನು ಕದ್ದ ಅಣ್ಣನ ಪರವಾಗಿ

ಹಿರೋಶಿಮಾ ನಗರದ ಶಿಕ್ಷಣ ಮಂಡಲಿಯವರು 2023ರ ಫೆಬ್ರವರಿಯಲ್ಲಿ ಒಂದು ತೀರ್ಮಾನ ಮಾಡಿದರು. ಆ ನಗರದ ಶಾಲೆಗಳಲ್ಲಿ ಶಾಂತಿಶಿಕ್ಷಣಕ್ಕೆಂದೇ ಒಂದು ಪಠ್ಯಪುಸ್ತಕವಿದೆ. ಅದರಲ್ಲಿ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯ ಮಕ್ಕಳಿಗೆ ‘ಬರಿಗಾಲಿನ ಗೆನ್’ ಎಂಬ ಚಿತ್ರಕಾದಂಬರಿಯ ಕೆಲವು ಭಾಗಗಳು ಪಾಠವಾಗಿದ್ದುವು. ಇನ್ನು ಮುಂದೆ ಅವು ಬೇಡ ಎಂಬುದೇ ಆ ತೀರ್ಮಾನ. ಕಾರಣಗಳನ್ನು ಅವರು ಮುಚ್ಚಿಡಲಿಲ್ಲ. ಒಂದು ಕಡೆ ಕಥಾನಾಯಕನಾದ ಹುಡುಗ ಮನೆಯ ಖರ್ಚಿಗೆ ನಾಲ್ಕು ಕಾಸು ಸಂಪಾದಿಸಲು ಬೀದಿಯಲ್ಲಿ ನಿಂತು ‘ರೋಕ್ಯೋಕು’ ಹಾಡುತ್ತಾನೆ. ಇಂದಿನ ಮಕ್ಕಳ ಬಾಳಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಇನ್ನೊಂದು ಕಡೆ, ಬಸುರಿಯಾಗಿ ಸರಿಯಾದ ಆಹಾರವಿಲ್ಲದೆ ಸೊರಗಿದ ತಾಯಿಗಾಗಿ ಅವನು ಪರರ ಕೊಳದಿಂದ ಮೀನು ಕದಿಯುತ್ತಾನೆ. ಅದರಿಂದ ಮಕ್ಕಳಿಗೆ ತಪ್ಪು ತಿಳಿವಳಿಕೆ ಉಂಟಾಗಬಹುದಂತೆ.

ಊರಿಗೆ ಊರೇ ಸುಟ್ಟುಹೋದ ಕಥೆ ಇದು. ಆ ಕಥೆಯ ಪಾಠದಲ್ಲಿ ಹಿರಿಯರ ಕಣ್ಣಿಗೆ ಬಿದ್ದ ಅಪರಾಧ ಯಾವುದು? ಒಂದು ಮೀನಿನ ಕಳವು! ಬಾಂಬು ಹಾಕಿದವರನ್ನೂ ಯುದ್ಧ ಹೂಡಿದವರನ್ನೂ ಮೂರನೆಯ ತರಗತಿಯ ಹುಡುಗ ಹೇಗೋ ಅರ್ಥಮಾಡಿಕೊಂಡಾನು. ಹಸಿದ ತಾಯಿಗೆ ಮೀನು ತಂದ ಮಗನನ್ನು ಮಾತ್ರ ಅರ್ಥಮಾಡಿಕೊಳ್ಳಲಾರ ಎಂಬುದು ಈ ವಾದದ ತಿರುಳು. ಇದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಈ ವ್ಯಾಜ್ಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನು ವಾಚಕರಿಗೆ ಮೊದಲೇ ತಿಳಿಸಿಬಿಡುವುದು ಮೇಲು. 1988ರಲ್ಲಿ, ನನಗೆ 11 ವರ್ಷ ವಯಸ್ಸಾಗಿದ್ದಾಗ, ಕೆಲಸದ ಮೇಲೆ ಜಪಾನಿಗೆ ಹೋಗಿಬಂದ ನನ್ನ ಸೋದರಮಾವ ಈ ಪುಸ್ತಕದ ಮೊದಲ ಸಂಪುಟದ ಇಂಗ್ಲಿಷ್ ಅನುವಾದವನ್ನು ತಂದುಕೊಟ್ಟರು. “ಬೊಂಬೆ ಪುಸ್ತಕ, ಇಬ್ಬರೂ ನೋಡಿಕೊಳ್ಳಿ” ಎಂದರು. ಒಳಗೆ ತೆರೆದು ನೋಡಿದ್ದರೆ ಕೊಡುತ್ತಿದ್ದರೋ ಇಲ್ಲವೋ ತಿಳಿಯದು. ಇಬ್ಬರು ಎಂದರೆ ನಾನು ಮತ್ತು 8 ವರ್ಷದ ನನ್ನ ತಮ್ಮ. ಅವನಿಗೆ ಇಂಗ್ಲಿಷ್ ಬಾರದು. ಆದುದರಿಂದ ನಮ್ಮೊಳಗೆ ಒಂದು ಕರಾರಾಯಿತು: ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವನು ಹಾಳೆ ತಿರುಗಿಸಬೇಕು. ಅವನು ಚಿತ್ರ ನೋಡುವುದು ಮುಗಿಯುವವರೆಗೆ ಹಾಳೆ ತಿರುಗುತ್ತಿರಲಿಲ್ಲ; ನಾನು ಮುಂದಿನ ಪುಟಕ್ಕೆ ಕೈ ಹಾಕಿದರೆ ಜಗಳ. ಆ ವರ್ಷದ ಬೇಸಿಗೆ ರಜದಲ್ಲಿ ನಾವು ಆ ಪುಸ್ತಕವನ್ನು ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ. ಹಿರೋಶಿಮಾದಿಂದ ಸುದ್ದಿ ಬಂದ ಮೇಲೆ ಹತ್ತೂ ಸಂಪುಟಗಳನ್ನು ತರಿಸಿ, ಈಗಿನ ಕಣ್ಣಿನಿಂದ ಮತ್ತೆ ಓದಿದ್ದೇನೆ. ಬಾಲ್ಯದಲ್ಲಿ ಮೆಚ್ಚಿದ ಎಷ್ಟೋ ಪುಸ್ತಕಗಳು ದೊಡ್ಡವರಾದ ಮೇಲೆ ಕೈಗೆ ಬಂದಾಗ ಕುಗ್ಗಿಹೋಗಿರುತ್ತವೆ. ಇದು ಕುಗ್ಗಿರಲಿಲ್ಲ.

ಪುಸ್ತಕದ ಕರ್ತೃ ಕೇಜಿ ನಕಜಾವ 1939ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿದವರು. 1945ರ ಆಗಸ್ಟ್ 6ರ ಬೆಳಿಗ್ಗೆ ಬಾಂಬು ಸಿಡಿದಾಗ ಆ 6 ವರ್ಷದ ಹುಡುಗ ತನ್ನ ಶಾಲೆಯ ಬಾಗಿಲ ಬಳಿ ಇದ್ದ. ಶಾಲೆಯ ಕಾಂಕ್ರೀಟ್ ಗೋಡೆ ಅಡ್ಡ ನಿಂತು ಅವನ ಜೀವ ಉಳಿಸಿತು. ಮನೆಯಲ್ಲಿದ್ದ ತಂದೆ, ಅಕ್ಕ, ತಮ್ಮ, ಮೂವರೂ ಸತ್ತರು. ತುಂಬು ಗರ್ಭಿಣಿಯಾಗಿದ್ದ ತಾಯಿ ಆ ದಿನವೇ ಬೀದಿಯಲ್ಲಿ ಹೆಣ್ಣು ಮಗುವನ್ನು ಹೆತ್ತಳು. ಆ ಕೂಸು ಕೆಲವು ತಿಂಗಳಿಗಿಂತ ಹೆಚ್ಚು ಬದುಕಲಿಲ್ಲ. ಮುಂದೆ ನಕಜಾವ ಟೋಕಿಯೋ ಸೇರಿ ಚಿತ್ರಕಥೆಗಳನ್ನು ಬರೆದು ಜೀವನ ಸಾಗಿಸುತ್ತಿದ್ದರು. ಬಾಂಬಿನ ಮಾತನ್ನು ಬಹುಕಾಲ ಎತ್ತಲೇ ಇಲ್ಲ. 1966ರಲ್ಲಿ ತಾಯಿ ತೀರಿಕೊಂಡಳು. ದಹನವಾದ ಮೇಲೆ ಅಸ್ಥಿಯನ್ನು ಆರಿಸುವ ಪದ್ಧತಿ ನಮ್ಮಲ್ಲಿರುವಂತೆ ಜಪಾನಿನಲ್ಲಿಯೂ ಉಂಟು. ಆರಿಸಲು ಹೋದರೆ ಮೂಳೆಗಳೇ ಉಳಿದಿರಲಿಲ್ಲ, ಬರಿಯ ಬೂದಿ. ಬಾಂಬಿನ ವಿಕಿರಣವು ತನ್ನ ತಾಯಿಯ ಎಲುಬುಗಳನ್ನೂ ಬಿಡಲಿಲ್ಲವೆಂಬ ಕೋಪದಿಂದ ಅವರು ಮೊಟ್ಟಮೊದಲು ಬಾಂಬಿನ ಕಥೆಗಳಿಗೆ ಕೈ ಹಾಕಿದರು. 1973ರಲ್ಲಿ ಹುಡುಗರ ಒಂದು ವಾರಪತ್ರಿಕೆಯಲ್ಲಿ ‘ಬರಿಗಾಲಿನ ಗೆನ್’ ಆರಂಭವಾಯಿತು. ಪತ್ರಿಕೆಯಿಂದ ಪತ್ರಿಕೆಗೆ ಅಲೆದು ಕೊನೆಗೆ ಮುಗಿಯಿತು. ಈಗ ಅದು ಇಪ್ಪತ್ತಕ್ಕಿಂತ ಹೆಚ್ಚು ಭಾಷೆಗಳಲ್ಲಿದೆ.

ಇದನ್ನು ಎಲ್ಲರೂ ಅಣುಬಾಂಬಿನ ಪುಸ್ತಕವೆಂದೇ ಕರೆಯುತ್ತಾರೆ. ನನಗೆ ಅದು ಎಂದೂ ಹಾಗೆ ಕಾಣಿಸಲಿಲ್ಲ. ನನಗೂ ನನ್ನ ತಮ್ಮನಿಗೂ ಅದು ಅಣ್ಣತಮ್ಮಂದಿರ ಪುಸ್ತಕ. ಮೊದಲ ಸಂಪುಟದ ಬಹುಭಾಗದಲ್ಲಿ ಬಾಂಬೇ ಇಲ್ಲ. ಇರುವುದು ಒಂದು ಬಡಮನೆ. ಅದರ ತುಂಬ ಮಕ್ಕಳು. ದೊಡ್ಡಣ್ಣ ಕೋಜಿ, ಅಕ್ಕ ಏಕೊ, ಇನ್ನೊಬ್ಬ ಅಣ್ಣ ಅಕಿರ, ಆಮೇಲೆ ಗೆನ್, ಅವನ ಹಿಂದೆ ಪುಟ್ಟ ಶಿಂಜಿ. ಆರನೆಯದು ತಾಯಿಯ ಹೊಟ್ಟೆಯಲ್ಲಿ. ತಂದೆ ಯುದ್ಧ ತಪ್ಪೆಂದು ಬಾಯಿಬಿಟ್ಟು ಹೇಳುವವನಾದುದರಿಂದ ನೆರೆಹೊರೆಯವರು ಆ ಮನೆಯವರನ್ನು ದೇಶದ್ರೋಹಿಗಳೆಂದು ಜರೆಯುತ್ತಾರೆ. ಆ ಹೆಸರನ್ನು ತೊಳೆಯಬೇಕೆಂದು ಕೋಜಿ ತಂದೆಯ ಮಾತು ಮೀರಿ ನೌಕಾದಳಕ್ಕೆ ಸೇರುತ್ತಾನೆ. ಅಕಿರನನ್ನು ಶಾಲೆಯ ಮಕ್ಕಳೊಂದಿಗೆ ಹಳ್ಳಿಗೆ ಕಳಿಸಿದ್ದಾರೆ. ಏಕೊಳ ಮೇಲೆ ಶಾಲೆಯಲ್ಲಿ ಹಣ ಕದ್ದಳೆಂಬ ಸುಳ್ಳು ಅಪವಾದ ಹೊರಿಸಿ ಅವಮಾನ ಮಾಡುತ್ತಾರೆ. ಇನ್ನು ಗೆನ್ ಮತ್ತು ಶಿಂಜಿ: ಒಂದು ತುಂಡು ಗೆಣಸಿಗಾಗಿ ಗುದ್ದಾಡುತ್ತಾರೆ, ಮರುಕ್ಷಣ ಒಟ್ಟಿಗೆ ಬೀದಿಗೆ ಓಡುತ್ತಾರೆ. ತಮ್ಮನನ್ನು ಹೊರಗಿನವರು ಮುಟ್ಟಿದರೆ ಅಣ್ಣ ಕಚ್ಚಲು ಹೋಗುತ್ತಾನೆ; ಮನೆಯೊಳಗೆ ತಾನೇ ಅವನನ್ನು ಬಡಿಯುತ್ತಾನೆ. ಒಡಹುಟ್ಟಿದವರಿರುವ ಯಾವ ಮನೆಗೆ ಹೋದರೂ ಕಾಣುವ ನೋಟವೇ ಇದು.

ಪುಟಗಟ್ಟಲೆ ಈ ಜಗಳವನ್ನೂ ಈ ಗೆಣಸನ್ನೂ ತೋರಿಸಿದ ಮೇಲೆಯೇ ನಕಜಾವ ಆ ಬೆಳಗನ್ನು ತರುತ್ತಾರೆ. ಮನೆ ಕುಸಿದು ತಂದೆ, ಏಕೊ, ಶಿಂಜಿ ತೊಲೆಗಳಡಿ ಸಿಕ್ಕಿಕೊಂಡಿದ್ದಾರೆ. ಬೆಂಕಿ ಹತ್ತಿರ ಬರುತ್ತಿದೆ. ಗೆನ್ ತೊಲೆಯನ್ನು ಎತ್ತಲು ಹೆಣಗುತ್ತಾನೆ, ಅದು ಅಲುಗುವುದಿಲ್ಲ. ತಾಯಿಯನ್ನೂ ಹುಟ್ಟಲಿರುವ ಕೂಸನ್ನೂ ಕಾಪಾಡುವುದು ನಿನ್ನ ಕೆಲಸ, ಹೊರಟುಹೋಗು ಎಂದು ತಂದೆ ಒಳಗಿನಿಂದ ಅಪ್ಪಣೆ ಮಾಡುತ್ತಾನೆ. ತಾಯಿ ಬರಲೊಲ್ಲಳು, ನಾನೂ ಇಲ್ಲಿಯೇ ಸಾಯುತ್ತೇನೆ ಎನ್ನುತ್ತಾಳೆ. ಕೊನೆಗೆ ನೆರೆಯ ಕೊರಿಯಾದವನೊಬ್ಬ ಬಂದು ಅವಳನ್ನು ಎಳೆದುಕೊಂಡು ಹೋಗಬೇಕಾಗುತ್ತದೆ. ಊರೆಲ್ಲ ತಿರಸ್ಕರಿಸಿದ್ದ ಮನೆಗೆ ಆಪತ್ತಿನಲ್ಲಿ ಒದಗಿದವನು ಊರೆಲ್ಲ ತಿರಸ್ಕರಿಸಿದ್ದ ಇನ್ನೊಬ್ಬನೇ.

ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಎನ್ನುವವರು ಕೇಳಬೇಕಾದ ಒಂದು ಮಾತಿದೆ. ಆ ಪುಟಗಳನ್ನು ಮೊದಲ ಸಲ ಓದಿದಾಗ ನನ್ನ ತಮ್ಮ ಬಹಳ ಹೊತ್ತು ಹಾಳೆ ತಿರುಗಿಸಲಿಲ್ಲ. ಆಮೇಲೆ, “ಅಣ್ಣಾ, ಅವನು ಇನ್ನೂ ಸ್ವಲ್ಪ ಜೋರಾಗಿ ಎತ್ತಬೇಕಾಗಿತ್ತು, ಅಲ್ವಾ?” ಎಂದ. ನಾನು ಸುಮ್ಮನಿದ್ದೆ. “ನೀನಾಗಿದ್ರೆ ಎತ್ತುತ್ತಿದ್ದೆಯಾ?” ಎಂದು ಕೇಳಿದ. ಎತ್ತುತ್ತಿದ್ದೆ ಎಂದೆ. ಗೆನ್‌ನಿಂದ ಆಗದ್ದು ನನ್ನಿಂದ ಹೇಗೆ ಆಗುತ್ತಿತ್ತು ಎಂದು ಅವನು ವಿಚಾರಿಸಲಿಲ್ಲ. 8 ವರ್ಷದ ಹುಡುಗ ಹಿರೋಶಿಮಾವನ್ನು ಅರ್ಥಮಾಡಿಕೊಂಡ ರೀತಿ ಇದು. ಹಿರೋಶಿಮಾ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಣುವೆಂದರೇನು ಎಂದು ಗೊತ್ತಿರಲಿಲ್ಲ. ತೊಲೆಯ ಕೆಳಗಿರುವವನು ಒಬ್ಬ ತಮ್ಮ, ಮೇಲಿರುವವನು ಒಬ್ಬ ಅಣ್ಣ ಎಂಬುದು ಗೊತ್ತಿತ್ತು, ಅಷ್ಟು ಸಾಕಾಯಿತು.

ಈಗ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಕಳವು. ಇದರಲ್ಲಿ ನಾವು ಕನ್ನಡಿಗರು, ಭಾರತೀಯರು, ಸ್ವಲ್ಪ ಅನುಭವಸ್ಥರು. ನಮ್ಮ ಮಕ್ಕಳಿಗೆ ತೊಟ್ಟಿಲಲ್ಲಿರುವಾಗಲೇ ಒಬ್ಬ ಬೆಣ್ಣೆಗಳ್ಳನನ್ನು ಪರಿಚಯ ಮಾಡಿಕೊಡುತ್ತೇವೆ. ಅವನು ನೆರೆಮನೆಯ ನೆಲುವಿಗೆ ಕೈ ಹಾಕಿದ್ದನ್ನು ದಾಸರು ಹಾಡಿದ್ದಾರೆ. ಗೋಕುಲಾಷ್ಟಮಿಯಂದು ನಮ್ಮ ಮಗುವಿಗೇ ನವಿಲುಗರಿ ಸಿಕ್ಕಿಸಿ ಬೆಣ್ಣೆಯ ಗಡಿಗೆಯ ಮುಂದೆ ಕೂಡಿಸಿ ಭಾವಚಿತ್ರ ತೆಗೆಸುತ್ತೇವೆ. ಇದರಿಂದ ಕರ್ಣಾಟಕದ ಮಕ್ಕಳೆಲ್ಲ ಕಳ್ಳರಾದರೆಂದು ಯಾರೂ ದೂರಿಲ್ಲ. ಆ ಕೃಷ್ಣನಾದರೋ ಹಾಲು ಮೊಸರಿನ ಹೊಳೆ ಹರಿಯುವ ಮನೆಯವನು. ಅವನ ಕಳವು ಲೀಲೆ. ಗೆನ್ ಕದ್ದದ್ದು ತಾಯಿಗಾಗಿ, ಅವಳ ಹೊಟ್ಟೆಯಲ್ಲಿರುವ ತಂಗಿಗಾಗಿ. ಲೀಲೆಯ ಕಳವು ಒಪ್ಪಿತವಾಗಿ, ಹಸಿವಿನ ಕಳವು ಮಾತ್ರ ಪಾಠದಿಂದ ಹೊರಗಾಗುವುದೆಂದರೆ ಇದು ಯಾವ ನೀತಿ?

ಅಷ್ಟೇ ಅಲ್ಲದೆ, ಪೂರ್ತಿ ಪುಸ್ತಕ ಓದಿದವರು ಕಳವಿನ ವಿಷಯವಾಗಿ ಅದಕ್ಕಿಂತ ಎಚ್ಚರದ ಪುಸ್ತಕವನ್ನು ಕಾಣಲಾರರು. ಮಾಡದ ಕಳವಿಗೆ ಏಕೊ ಅವಮಾನ ಪಡುತ್ತಾಳೆ. ಮಾಡಿದ ಕಳವನ್ನು ಗೆನ್ ತಾಯಿಗಾಗಿ ಮಾಡುತ್ತಾನೆ. ಬಾಂಬು ಬಿದ್ದ ಬಳಿಕ ಅನಾಥ ಹುಡುಗನೊಬ್ಬ ಗೆನ್‌ನ ಮನೆಯವರ ಆಹಾರವನ್ನೇ ಕದ್ದು ಓಡುತ್ತಾನೆ. ಅಟ್ಟಿಸಿಕೊಂಡು ಹೋದ ಗೆನ್ ಅವನ ಮುಖ ನೋಡಿ ಬೆರಗಾಗುತ್ತಾನೆ: ಸತ್ತುಹೋದ ಶಿಂಜಿಯದೇ ಮುಖ! ರ್ಯೂತ ಎಂಬ ಆ ಕಳ್ಳನೇ ಮುಂದೆ ಆ ಮನೆಯ ಮಗನಾಗಿ, ಗೆನ್‌ಗೆ ತಮ್ಮನಾಗಿ ಸೇರಿಕೊಳ್ಳುತ್ತಾನೆ. ಕದ್ದವನು ಯಾರು, ಏಕೆ ಕದ್ದ, ಕದಿಯುವ ಸ್ಥಿತಿಗೆ ಅವನನ್ನು ತಂದವರು ಯಾರು ಎಂದು ಮೂರು ಸಲ ಮೂರು ಬಗೆಯಾಗಿ ಕೇಳುವ ಪುಸ್ತಕ ಇದು. ‘ಕದಿಯಬಾರದು’ ಎಂದು ಗೋಡೆಯ ಮೇಲೆ ಬರೆದ ಸುಭಾಷಿತದಿಂದ ಮಗು ಕಲಿಯುವುದು ಹೆಚ್ಚೋ, ಇದರಿಂದ ಕಲಿಯುವುದು ಹೆಚ್ಚೋ ಎಂಬುದನ್ನು ಉಪಾಧ್ಯಾಯರೇ ಹೇಳಲಿ.

ಎರಡನೆಯ ಆಕ್ಷೇಪ, ರೋಕ್ಯೋಕು. ಜಪಾನಿನ ತಂತಿವಾದ್ಯವೊಂದರ ಜೊತೆಯಲ್ಲಿ ಕಥೆಯನ್ನು ಹಾಡಿ, ನಡುನಡುವೆ ಮಾತಿನಲ್ಲಿ ಹೇಳುವ ಕಲೆ ಅದು. ನಮ್ಮ ಹರಿಕಥೆಗೆ ದೂರದ ನೆಂಟ ಎನ್ನಬಹುದು. ಇಂದಿನ ಮಕ್ಕಳು ಅದನ್ನು ಕೇಳಿಲ್ಲವೆಂಬುದು ನಿಜವಿರಬಹುದು. ಕೇಳಿಲ್ಲದಿದ್ದರೆ ಕೇಳಿಸಿ! ಮಕ್ಕಳಿಗೆ ಗೊತ್ತಿರುವುದನ್ನೇ ಹೇಳುವುದಾದರೆ ಪಾಠವೇಕೆ, ಮೇಷ್ಟ್ರೇಕೆ? ನನಗೂ ನನ್ನ ತಮ್ಮನಿಗೂ ರೋಕ್ಯೋಕು ಎಂದರೇನೆಂದು ತಿಳಿದಿರಲಿಲ್ಲ. ಒಬ್ಬ ಹುಡುಗ ಮನೆಗಾಗಿ ಬೀದಿಯಲ್ಲಿ ಹಾಡುತ್ತಿದ್ದಾನೆ, ನಾಚಿಕೆಯನ್ನು ನುಂಗಿಕೊಂಡು ಹಾಡುತ್ತಿದ್ದಾನೆ ಎಂಬುದು ತಿಳಿಯಿತು. ಪಾಠದ ಸಮಯ ಮಿತವಾದುದು, ವಿವರಣೆಗೆ ಹೊತ್ತು ಹಿಡಿಯುತ್ತದೆ ಎಂಬ ಅಧಿಕಾರಿಗಳ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ವಿವರಣೆಯನ್ನು ಬೇಡದಷ್ಟು ಸುಲಭವಾದ ಹಿರೋಶಿಮಾ ಒಂದಿದ್ದರೆ, ಅದು ಹಿರೋಶಿಮಾ ಅಲ್ಲ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು: ಚಿತ್ರಗಳು ಭಯಂಕರ. ಹೌದು, ಭಯಂಕರ. ಚರ್ಮ ಜೋತುಬಿದ್ದ ಜನ, ನದಿಯ ತುಂಬ ಹೆಣಗಳು. ಕೊನೆಯ ಸಂಪುಟಗಳಲ್ಲಿ ಜಪಾನಿನ ಸೈನ್ಯ ಏಷ್ಯದ ಬೇರೆ ದೇಶಗಳಲ್ಲಿ ನಡೆಸಿದ ಕ್ರೌರ್ಯದ ಚಿತ್ರಗಳೂ ಇವೆ. ಮಾತ್ಸುಎ ಎಂಬ ಇನ್ನೊಂದು ನಗರದಲ್ಲಿ 2012ರ ಡಿಸೆಂಬರಿನಲ್ಲಿ ಇದೇ ಕಾರಣ ಹೇಳಿ ಶಾಲೆಯ ಪುಸ್ತಕಭಂಡಾರಗಳಲ್ಲಿ ಈ ಪುಸ್ತಕವನ್ನು ಒಳಕೋಣೆಗೆ ಸೇರಿಸಿ, ಕೇಳಿದವರಿಗಷ್ಟೇ ಕೊಡಿ ಎಂದು ಸೂಚನೆ ಹೊರಟಿತು. ನಕಜಾವ ತೀರಿಕೊಂಡದ್ದೂ ಅದೇ ತಿಂಗಳು, 19ರಂದು. ಮರುವರ್ಷ ವಿಷಯ ಬಯಲಾಗಿ ಜನ ಪ್ರತಿಭಟಿಸಿದ ಮೇಲೆ, 2013ರ ಆಗಸ್ಟ್ 26ರಂದು ಆ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡರು. ಹಿರೋಶಿಮಾದವರು ಅಷ್ಟು ದೂರ ಹೋಗಲಿಲ್ಲ. ಪಾಠ ತೆಗೆದರೇ ಹೊರತು ಪುಸ್ತಕಭಂಡಾರದ ಪ್ರತಿಗಳನ್ನು ಮುಟ್ಟಲಿಲ್ಲ. ನ್ಯಾಯಕ್ಕಾಗಿ ಇದನ್ನು ಹೇಳಲೇಬೇಕು.

ಯಾವ ಸಂಪುಟವನ್ನು ಯಾವ ವಯಸ್ಸಿನ ಮಗುವಿನ ಕೈಗೆ ಕೊಡಬೇಕು ಎಂಬುದು ವಿವೇಚನೆಗೆ ಬಿಟ್ಟ ವಿಷಯ. ಕೊನೆಯ ಸಂಪುಟಗಳನ್ನು 8 ವರ್ಷದ ಮಗುವಿಗೆ ನಾನೂ ಕೊಡಲಾರೆ. ಮೊದಲನೆಯದನ್ನು ಕೊಡುವಾಗಲೂ ಪಕ್ಕದಲ್ಲಿ ದೊಡ್ಡವರು ಒಬ್ಬರು ಕುಳಿತಿದ್ದರೆ ಒಳ್ಳೆಯದು. ಆದರೆ ಮಗು ಸಾವನ್ನು ತಡೆದುಕೊಳ್ಳಲಾರದು ಎಂಬ ಮಾತನ್ನು ಪುಣ್ಯಕೋಟಿಯನ್ನು ಕೇಳಿ ಬೆಳೆದ ನಾವು ಒಪ್ಪಬಹುದೆ? ಹುಲಿಯ ಬಾಯಿಗೆ ಬೀಳಲು ಹೊರಟ ತಾಯಿ, ತಬ್ಬಲಿಯಾಗಲಿರುವ ಕರು, ಆ ಕರುವನ್ನು ಅಕ್ಕತಂಗಿಯರಾದ ಇತರ ಹಸುಗಳ ಕೈಗೊಪ್ಪಿಸುವ ಗಳಿಗೆ, ಕೊನೆಗೆ ಹುಲಿಯ ಸಾವು: ಇದನ್ನು ನಮ್ಮ ಅಜ್ಜಿಯರು ಐದು ವರ್ಷದ ಮಕ್ಕಳಿಗೆ ಹಾಡಿದ್ದಾರೆ. ಮಕ್ಕಳು ಅತ್ತಿದ್ದಾರೆ, ಅತ್ತು, ಮತ್ತೊಂದು ಸಲ ಹಾಡೆಂದು ಕೇಳಿದ್ದಾರೆ. ಅಜ್ಜಿಯ ತೊಡೆಯ ಮೇಲೆ ಕುಳಿತು ಅತ್ತ ಅಳು ಮಗುವನ್ನು ಕೆಡಿಸುವುದಿಲ್ಲ. ಯಾರೂ ಜೊತೆಗಿಲ್ಲದೆ ನೋಡಿದ ಭಯ ಕೆಡಿಸೀತು. ಇಂದು ಮೂರನೆಯ ತರಗತಿಯ ಮಗು ತಂದೆಯ ಮೊಬೈಲಿನಲ್ಲಿ ಒಬ್ಬನೇ ಕುಳಿತು ಏನೇನು ನೋಡುತ್ತದೆಯೆಂಬುದನ್ನು ಬಲ್ಲವರು, ಅಚ್ಚಾದ ಪುಸ್ತಕವೊಂದರ ವಿಷಯದಲ್ಲಿ ಇಷ್ಟು ಬೆಚ್ಚಿಬೀಳುವುದು ನನಗೆ ವಿನೋದವಾಗಿ ಕಾಣುತ್ತದೆ.

ಹಾಗಾದರೆ ಹಿರಿಯರಿಗೆ ಒಪ್ಪಿಗೆಯಾಗುವ ಕಥೆ ಯಾವುದು? ಸದಾಕೊ ಸಸಾಕಿಯ ಕಥೆ ನಮ್ಮಲ್ಲಿಯೂ ಬಹಳ ಮಂದಿಗೆ ಗೊತ್ತು. ಬಾಂಬು ಬಿದ್ದಾಗ ಅವಳು 2 ವರ್ಷದ ಕೂಸು. 1955ರಲ್ಲಿ, 12ನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ಸತ್ತಳು. ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದ ಆ ಹುಡುಗಿಯ ನೆನಪಿನಿಂದ ಹುಟ್ಟಿದ ಮಕ್ಕಳ ಶಾಂತಿಸ್ಮಾರಕ 1958ರಲ್ಲಿ ಹಿರೋಶಿಮಾದಲ್ಲಿ ನಿಂತಿತು. ಆ ಕಥೆಯ ಮುಂದೆ ಯಾರೂ ತಲೆಬಾಗಬೇಕು, ನಾನೂ ಬಾಗುತ್ತೇನೆ. ನನ್ನ ತಕರಾರು ಸದಾಕೊಳೊಂದಿಗಲ್ಲ. ಅವಳ ಕಥೆಯನ್ನು ನಾವು ಬಳಸುವ ಬಗೆಯೊಂದಿಗೆ. ಸದ್ದಿಲ್ಲದೆ ಕಾಗದ ಮಡಿಸುವ ಮಗುವನ್ನು ಕಂಡರೆ ದೊಡ್ಡವರಿಗೆ ಹಿತ. ಅವಳು ಯಾರನ್ನೂ ಏನನ್ನೂ ಕೇಳುವುದಿಲ್ಲ. ಗೆನ್ ಕೇಳುತ್ತಾನೆ, ಬೈಯುತ್ತಾನೆ, ಕಚ್ಚುತ್ತಾನೆ, ಕದಿಯುತ್ತಾನೆ. ಯುದ್ಧಕ್ಕೆ ಜೈ ಎಂದಿದ್ದ ನೆರೆಯವನೇ ಯುದ್ಧ ಮುಗಿದ ಮೇಲೆ ಶಾಂತಿದೂತನ ವೇಷ ತೊಟ್ಟರೆ ಅವನ ಮುಖದೆದುರೇ ಹಳೆಯದನ್ನು ಎತ್ತಿ ಆಡುತ್ತಾನೆ. ಇಂಥ ಹುಡುಗನಿಗೆ ಪ್ರತಿಮೆ ನಿಲ್ಲಿಸುವುದು ಕಷ್ಟ. ಪಾಠದಿಂದ ತೆಗೆಯುವುದು ಸುಲಭ. 2024ರಲ್ಲಿ ಬಾಂಬಿನಿಂದ ಬದುಕಿ ಉಳಿದವರ ಸಂಘವಾದ ನಿಹೊನ್ ಹಿದಾಂಕ್ಯೊಗೆ, ಅವರ ಸಾಕ್ಷ್ಯಕ್ಕಾಗಿ ನೊಬೆಲ್ ಶಾಂತಿಪಾರಿತೋಷಕ ದೊರೆಯಿತು. ಸಾಕ್ಷಿಗಳಿಗೆ ಜಗತ್ತು ಬಹುಮಾನ ಕೊಡುವುದಕ್ಕೆ ಒಂದು ವರ್ಷ ಮುಂಚೆ ಸಾಕ್ಷಿಯೊಬ್ಬನ ಪುಸ್ತಕ ಅವನ ಊರಿನ ಪಾಠದಿಂದಲೇ ಹೊರಬಿದ್ದಿತ್ತು!

ಮರು ಓದಿನ ಹೊತ್ತಿನಲ್ಲಿ ನನಗೆ ತಿಳಿದುಬಂದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಗೆನ್ ತೊಲೆ ಎತ್ತಲು ಹೆಣಗುವ ಆ ಪುಟಗಳು ಲೇಖಕರ ಸ್ವಂತ ನೆನಪಲ್ಲ. ನಕಜಾವ ಆ ಗಳಿಗೆಯಲ್ಲಿ ಮನೆಯ ಬಳಿ ಇರಲೇ ಇಲ್ಲ. ತಂದೆಯೂ ತಮ್ಮನೂ ಬೆಂಕಿಯಲ್ಲಿ ಕೂಗಿಕೊಂಡದ್ದನ್ನು ಕೇಳಿದವಳು ತಾಯಿ. ಅವಳು ಅದನ್ನು ಬದುಕಿರುವ ತನಕ ಮತ್ತೆಮತ್ತೆ ಮಗನಿಗೆ ಹೇಳಿದಳು. ಮಗ ಮತ್ತೆಮತ್ತೆ ಕೇಳಿದ. ಚಿತ್ರ ಬರೆಯುವಾಗ ಮಾತ್ರ ಅವರು ಗೆನ್‌ನನ್ನು ಆ ತೊಲೆಯ ಪಕ್ಕದಲ್ಲಿ ನಿಲ್ಲಿಸಿದರು. ತಾನು ಇರಬೇಕಾಗಿದ್ದ, ಇರಲಾರದೆಹೋದ ಜಾಗದಲ್ಲಿ ಕೊನೆಗೆ ಚಿತ್ರದಲ್ಲಾದರೂ ಹೋಗಿ ನಿಂತರು. ನಿಂತು, ತೊಲೆಯನ್ನು ಎತ್ತಿಬಿಟ್ಟೆ ಎಂದು ಬರೆಯಬಹುದಾಗಿತ್ತು. ಕಥೆಯಲ್ಲಿ ಯಾರು ಬೇಡವೆನ್ನುತ್ತಿದ್ದರು? ಹಾಗೆ ಬರೆಯಲಿಲ್ಲ. ಕಥೆಯಲ್ಲಿಯೂ ತೊಲೆ ಅಲುಗಲಿಲ್ಲ.

ಇದನ್ನು ತಿಳಿದ ಮೇಲೆ ಆ ಪುಸ್ತಕದ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು. ಬದುಕಿ ಉಳಿದ ಅಣ್ಣನೊಬ್ಬ ಸತ್ತ ತಮ್ಮನಿಗೆ ಸಲ್ಲಿಸಿದ ಲೆಕ್ಕ ಅದು. ಗೆಣಸಿನ ಜಗಳ, ಬೀದಿಯ ಹಾಡು, ಕದ್ದ ಮೀನು, ಇವೆಲ್ಲ ಆ ಲೆಕ್ಕದ ಬಾಬುಗಳೇ. ಯಾವುದಾದರೂ ಒಂದನ್ನು ಅಶ್ಲಾಘ್ಯವೆಂದು ಹೊಡೆದುಹಾಕಿದರೆ ಲೆಕ್ಕ ತಪ್ಪುತ್ತದೆ. ಮೀನು ಕದಿಯದ, ಜಗಳವಾಡದ, ಶುದ್ಧನಾದ ಗೆನ್ ಬೆಂಕಿಯ ಮುಂದೆ ಅತ್ತರೆ ನಮಗೆ ಕನಿಕರ ಹುಟ್ಟೀತು. ನಮ್ಮ ಮನೆಯ ಹುಡುಗನಂತೆಯೇ ಇರುವ ಗೆನ್ ಅತ್ತರೆ ನಮ್ಮ ಮನೆಗೇ ಬೆಂಕಿ ಬಿದ್ದಂತಾಗುತ್ತದೆ.

ಇಷ್ಟು ದೂರದ ಊರಿನ ಪಠ್ಯಪುಸ್ತಕದ ಗೊಡವೆ ನಮಗೇಕೆ ಎಂದು ವಾಚಕರು ಕೇಳಬಹುದು. 2022ರಲ್ಲಿಯೂ 2023ರಲ್ಲಿಯೂ ನಮ್ಮ ರಾಜ್ಯದಲ್ಲಿ ಶಾಲೆಯ ಪಾಠಗಳನ್ನು ತೆಗೆಯುವ, ಸೇರಿಸುವ, ಮತ್ತೆ ತೆಗೆಯುವ ಗದ್ದಲವನ್ನು ಕಂಡವರು ಹೀಗೆ ಕೇಳಲಾರರು ಎಂದು ನನ್ನ ನಂಬಿಕೆ. ಯಾರ ಪಾಠ ಸರಿ, ಯಾರದು ತಪ್ಪು ಎಂಬ ಪಂಚಾಯಿತಿಗೆ ನಾನು ಈಗ ಇಳಿಯುವುದಿಲ್ಲ. ಆ ಗದ್ದಲದಲ್ಲಿ ಎಲ್ಲ ಪಕ್ಷದವರ ಮಾತೂ ಕೇಳಿಸಿತು. ಮಗುವಿನ ಮಾತೊಂದು ಕೇಳಿಸಲಿಲ್ಲ. ಪಾಠವೊಂದರ ಮುಂದೆ ಕುಳಿತ ಮಗು ಏನು ಕೇಳುತ್ತದೆ, ಯಾವ ಸಾಲಿನಲ್ಲಿ ನಿಲ್ಲುತ್ತದೆ, ಯಾವುದನ್ನು ಮನೆಗೆ ಹೋಗಿ ತಮ್ಮನಿಗೆ ಹೇಳುತ್ತದೆ ಎಂದು ವಿಚಾರಿಸಿದವರು ಎಷ್ಟು ಮಂದಿ?

ಮಾತು ಇನ್ನೂ ಹತ್ತಿರಕ್ಕೆ ಬರಲಿ. ಒಡಹುಟ್ಟಿದವರ ವಿಷಯದಲ್ಲಿ ನಮ್ಮ ಮಕ್ಕಳಿಗೆ ನಾವು ಕೊಡುವ ಆದರ್ಶ ಯಾವುದು? ಅಣ್ಣನ ಪಾದುಕೆಯನ್ನು ತಲೆಯ ಮೇಲೆ ಹೊತ್ತ ಭರತ, ಅಣ್ಣನ ಹಿಂದೆ ಕಾಡಿಗೆ ಹೋದ ಲಕ್ಷ್ಮಣ. ಅವರಿಗಿಂತ ದೊಡ್ಡವರಿಲ್ಲ. ಆದರೆ ಪಾದುಕೆ ಹೊರುವ ಪ್ರಸಂಗ ಎಲ್ಲರ ಬಾಳಿನಲ್ಲಿಯೂ ಬರುವುದಿಲ್ಲ. ದೊಡ್ಡವರ ಸಾಹಿತ್ಯಕ್ಕೆ ಬಂದರೆ ಅಣ್ಣತಮ್ಮಂದಿರು ಕಾಣಿಸಿಕೊಳ್ಳುವುದು ಹೆಚ್ಚಾಗಿ ಹಿಸ್ಸೆಯ ದಿನ, ಕೋರ್ಟಿನ ಮೆಟ್ಟಿಲ ಮೇಲೆ. ಪಾದುಕೆಗೂ ಪಾಲುಪಟ್ಟಿಗೂ ನಡುವೆ ಒಂದು ಬಾಲ್ಯವಿದೆ: ಒಂದೇ ಹೊದಿಕೆಯನ್ನು ಎಳೆದಾಡಿದ್ದು, ಕಡಲೆಕಾಯನ್ನು ಎಣಿಸಿ ಹಂಚಿಕೊಂಡದ್ದು, ಪುಸ್ತಕದ ಹಾಳೆ ತಿರುಗಿಸುವ ಹಕ್ಕಿಗಾಗಿ ಹೊಡೆದಾಡಿದ್ದು. ಆ ಬಾಲ್ಯವನ್ನು ಇದ್ದದ್ದು ಇದ್ದಂತೆ ತೋರಿಸುವ ಪುಸ್ತಕ ಮಗುವಿನ ಕೈಗೆ ಸಿಗಬೇಕು. ಅದು ಸಿಗುವುದು ಜಪಾನಿನ ಚಿತ್ರಕಥೆಯಲ್ಲಿ ಎಂದಾದರೆ ಅಲ್ಲಿಂದಲೇ ತರೋಣ. ಬೊಂಬೆ ಪುಸ್ತಕವೆಂದು ಮೂಗು ಮುರಿಯುವ ಪಂಡಿತರು ಒಂದು ಸಂಪುಟವನ್ನಾದರೂ ಓದಿ ಆಮೇಲೆ ಮುರಿಯಲಿ.

1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಮಂದಿ ಎಂದು ಅಂದಾಜು. ಈ ಅಂಕಿಯನ್ನು ಮಗು ಬರೆದುಕೊಳ್ಳುತ್ತದೆ, ಪರೀಕ್ಷೆಯಲ್ಲಿ ಒಪ್ಪಿಸುತ್ತದೆ, ಮರೆಯುತ್ತದೆ. ಶಿಂಜಿಯನ್ನು ಮರೆಯುವುದಿಲ್ಲ. ಅವನೊಬ್ಬನ ಮೂಲಕ ಉಳಿದವರ ಕಡೆಗೆ ಹೋಗುವ ದಾರಿ ಮಗುವಿಗೆ ತೆರೆಯುತ್ತದೆ. ಆ 1,40,000ದಲ್ಲಿ ಎಷ್ಟು ಅಣ್ಣಂದಿರು, ಎಷ್ಟು ತಂಗಿಯರು ಎಂದು ಅದೇ ಲೆಕ್ಕ ಹಾಕಲು ತೊಡಗುತ್ತದೆ. ಶಾಂತಿಶಿಕ್ಷಣವೆಂದರೆ ಇದಕ್ಕಿಂತ ಬೇರೆಯಾದುದು ಏನಿದೆಯೋ ನಾನರಿಯೆ.

ಆದುದರಿಂದ ನನ್ನ ಬೇಡಿಕೆ ಇಷ್ಟು. ಹಿರೋಶಿಮಾದವರು ತಮ್ಮ ಗೆನ್‌ನನ್ನು ಮತ್ತೆ ತರಗತಿಯೊಳಕ್ಕೆ ಕರೆದುಕೊಳ್ಳಲಿ. ನಮ್ಮ ಊರುಗಳ ಪುಸ್ತಕಭಂಡಾರದವರು ಇಂಥ ಪುಸ್ತಕಗಳನ್ನು ತರಿಸಿ, ಬೀಗವಿಲ್ಲದ ಕಪಾಟಿನಲ್ಲಿ, 8 ವರ್ಷದವನ ಕೈಗೆ ಎಟುಕುವ ಅಂಕಣದಲ್ಲಿಡಲಿ. ಬಲ್ಲವರು ಇದನ್ನು ಒಳ್ಳೆಯ ಕನ್ನಡಕ್ಕೆ ತರಲಿ. ತಾಯಿತಂದೆಯರು ಒಂದೇ ಪ್ರತಿಯನ್ನು ಕೊಂಡು ಮನೆಯ ಇಬ್ಬರು ಮಕ್ಕಳಿಗೂ ಸೇರಿಸಿ ಕೊಡಲಿ, ಪಕ್ಕದಲ್ಲಿ ಕುಳಿತುಕೊಳ್ಳಲಿ. ಅವರು ಹಾಳೆಗಾಗಿ ಕಿತ್ತಾಡಿದರೆ ಬಿಡಿಸಲು ಅವಸರಪಡಬೇಕಾಗಿಲ್ಲ.